ಫೋನಪ್ಪ ತಂಪು ಕಡಲಿಗೆ ಹೊರಟದ್ದು

ಆದದ್ದೆಲ್ಲ ಒಂದು ಸ್ವೆಟರಿನಿಂದ. ಬೇಸಿಗೆಯ ಒಂದು ಬೆಳಿಗ್ಗೆ ಫೋನಪ್ಪ ಕಪಾಟಿನ ತಳದಲ್ಲಿ ಮುದುಡಿ ಬಿದ್ದಿದ್ದ ತನ್ನ ಏಕೈಕ ಸ್ವೆಟರನ್ನು ತಾರಸಿಯ ತಂತಿಯ ಮೇಲೆ ಬಿಸಿಲಿಗೆ ಹಾಕಿದ. ನುಸಿ ಹಿಡಿದೀತೆಂಬ ಭಯ, ಅಷ್ಟೇ. ಆದರೆ ಆ ಕಟ್ಟಡದಲ್ಲಿ ಬಟ್ಟೆ ಒಣಹಾಕುವ ತಂತಿ ಎಂದರೆ ದಿನಪತ್ರಿಕೆ ಇದ್ದ ಹಾಗೆ. ಯಾರ ಮನೆಯಲ್ಲಿ ಬಸುರಿ, ಯಾರಿಗೆ ಕೆಲಸ ಹೋಯಿತು, ಯಾರ ಮನೆಗೆ ಬಂದ ನೆಂಟರು ಹೊರಡುವ ಲಕ್ಷಣವೇ ಕಾಣುತ್ತಿಲ್ಲ ಎಂಬುದನ್ನೆಲ್ಲ ಜನ ಅಲ್ಲಿಯೇ ಓದಿಕೊಳ್ಳುತ್ತಿದ್ದರು. ಬಾಯಿಬಿಟ್ಟು ಕೇಳುವುದು ಆಮೇಲೆ, ಅದೂ ಖಾತ್ರಿ ಮಾಡಿಕೊಳ್ಳಲಿಕ್ಕೆ.

ಫೋನಪ್ಪನದು ಹಡಗಿನ ಪ್ರವಾಸದ ಕಂಪನಿಯೊಂದರಲ್ಲಿ ಫೋನೆತ್ತುವ ಕೆಲಸ. ಅದರಿಂದಲೇ ಆ ಹೆಸರು. ಚಳಿ ಸೀಮೆಯ ಕಡಲಿಗೆ ವಿಹಾರ ಹೊರಟವರು ಏನು ತೊಡಬೇಕು, ಏನು ಒಯ್ಯಬೇಕು ಎಂದು ಕೇಳಿದರೆ ನಿದ್ದೆಯಲ್ಲೂ ಹೇಳುತ್ತಿದ್ದ: "ಪದರ ಪದರವಾಗಿ ಹಾಕ್ಕೊಳ್ಳಿ ಸಾರ್. ಒಳಗೆ ತೆಳು ಉಣ್ಣೆ, ಮೇಲೆ ದಪ್ಪ ಉಣ್ಣೆ, ಅದರ ಮೇಲೆ ಗಾಳಿ-ನೀರು ತಡೆಯೋ ಕೋಟು. ಜಾರದ ಬೂಟು ಇರ್ಲಿ. ನೀರಿನ ಮೇಲೆ ಬಿಸಿಲು ಕಣ್ಣು ಕುಕ್ಕುತ್ತೆ, ತಂಪು ಕನ್ನಡಕ ಮರೀಬೇಡಿ." ತಾನು ಮಾತ್ರ ಒಮ್ಮೆಯೂ ಹಡಗು ಹತ್ತಿದವನಲ್ಲ. ಹಿಂದಿಲ್ಲ, ಮುಂದಿಲ್ಲ, ಮದುವೆಯಾಗಿಲ್ಲ. ಆ ಫೋನಿನಲ್ಲಿ ಆಡಿದ್ದೇ ದಿನದ ಮಾತು. ಮನೆಗೆ ಬಂದರೆ ಗೋಡೆಗಳೊಂದಿಗೆ ಸಂಸಾರ. ಯಾರಾದರೂ ಬಂದಾರೆಂದು ಒಂದು ಕಾಲದಲ್ಲಿ ನಾಲ್ಕು ಕುರ್ಚಿ ಕೊಂಡಿದ್ದ. ಒಂದು ಕೂತು ಕೂತು ಸವೆದಿತ್ತು, ಮಿಕ್ಕ ಮೂರು ಅಂಗಡಿಯಿಂದ ತಂದಂತೆಯೇ ಇದ್ದವು.

ಈಗ ಮ್ಯಾನೇಜರು, "ನಿಮ್ಮ ರಜೆ ಎಲ್ಲಾ ಕೊಳೀತಾ ಬಿದ್ದಿದೆ, ಒಂದು ವಾರ ಈ ಕಡೆ ತಲೆ ಹಾಕಬೇಡಿ" ಎಂದು ಅಟ್ಟಿಬಿಟ್ಟಿದ್ದರು. ಒಂದು ವಾರ ಯಾರ ಹತ್ತಿರ ಮಾತಾಡುವುದು? ಅವನ ಪಾಲಿಗೆ ಅದು ರಜೆಯಲ್ಲ, ಶಿಕ್ಷೆ.

ಸ್ವೆಟರಿಗೆ ಕ್ಲಿಪ್ಪು ಸಿಕ್ಕಿಸುತ್ತಿದ್ದಾಗ ಕೆಳಮನೆಯ ಟೇಲರಕ್ಕ ಒದ್ದೆ ಬಟ್ಟೆಯ ಬಕೆಟ್ಟು ಹಿಡಿದು ಬಂದಳು. ಸ್ವೆಟರನ್ನು ನೋಡಿದಳು, ಸೂರ್ಯನನ್ನು ನೋಡಿದಳು, ಫೋನಪ್ಪನನ್ನು ನೋಡಿದಳು.

"ಓಹೋ! ಕೊನೆಗೂ ನೀವೇ ಹೊರಟ್ರಾ ಹಡಗಲ್ಲಿ? ಚಳಿ ಕಡೆಗೆ?"

ಇಲ್ಲ ಎನ್ನಲು ಫೋನಪ್ಪ ಬಾಯಿ ತೆರೆದ. ಅಷ್ಟರಲ್ಲಿ ಟೇಲರಕ್ಕ ಬಕೆಟ್ಟನ್ನು ಕೆಳಗಿಟ್ಟು, ತಾರಸಿಯ ಕಟ್ಟೆಯ ಮೇಲೆ ಆರಾಮವಾಗಿ ಕೂತು, "ಹೇಳಿ ಹೇಳಿ, ಕೂತ್ಕೊಂಡು ಹೇಳಿ" ಎಂದಳು. ಇಷ್ಟು ವರ್ಷದಲ್ಲಿ ಅವನ ಮಾತು ಕೇಳಲು ಯಾರೂ ಕೂತಿರಲಿಲ್ಲ. ಇಲ್ಲ ಎಂದರೆ ಎದ್ದು ಹೋಗುತ್ತಾಳೆ.

"ಹೌದು," ಎಂದ ಫೋನಪ್ಪ.

"ಇವತ್ತು ಸಂಜೆ ಹಡಗಿಗೇ ತಾನೆ? ಒಂದು ವಾರದ್ದು?"

ತಲೆ ತಾನಾಗಿಯೇ ಆಡಿತು. ಆಡಿದ ಮೇಲೆ ಹಿಂದಕ್ಕೆ ಆಡಿಸುವ ಉಪಾಯ ಅವನಿಗೆ ಗೊತ್ತಿರಲಿಲ್ಲ.

ಅವನು ಮೆಟ್ಟಿಲಿಳಿದು ಮನೆ ಸೇರುವ ಮೊದಲೇ ಸುದ್ದಿ ಕೆಳಗೆ ತಲುಪಿತ್ತು. ಮೊದಲು ಬಂದವರು ಎದುರುಮನೆಯ ಡ್ರಿಲ್ ಮೇಷ್ಟ್ರು, ಹೆಗಲ ಮೇಲೆ ಕರಡಿಯಂಥ ಓವರ್‌ಕೋಟು ಹೊತ್ತು. ನಿವೃತ್ತರಾದರೂ ಗಂಟಲು ನಿವೃತ್ತವಾಗಿರಲಿಲ್ಲ. "ಹಾಕ್ಕೊಳ್ರೀ! ಕೈ ಮೇಲೆ! ಹಾಂ, ತಿರುಗಿ!" ಅವರ ಹಿಂದೆಯೇ ಔಷಧಿ ಅಂಗಡಿಯ ಕಂಪೌಂಡರು ವಾಂತಿ ಮಾತ್ರೆ, ನೆಗಡಿ ಮಾತ್ರೆ, ಬಿಸಿನೀರಿನ ಚೀಲ ಹಿಡಿದು ಬಂದರು. ಟೇಲರಕ್ಕ ಇನ್ನೊಂದು ಸ್ವೆಟರು, ಮಫ್ಲರು, ಕೈಗವಸು ತಂದಳು. ಮೂರನೇ ಮಹಡಿಯ ಅಜ್ಜಿ ಮೊಣಕಾಲು ಹಿಡಿದುಕೊಂಡು ಇಳಿದು ಬಂದು, ತೀರಿಹೋದ ಗಂಡನಿಗೆಂದು ಹೆಣೆದಿದ್ದ ಕೆಂಪು ಉಣ್ಣೆಯ ಟೋಪಿಯನ್ನು ತನ್ನ ಕೈಯಾರೆ ಅವನ ಕಿವಿಯ ತನಕ ಎಳೆದು ಹಾಕಿದಳು.

"ಚಳಿ ಕಿವಿಯಿಂದಲೇ ಒಳಗೆ ಹೋಗೋದು ಮಗಾ," ಎಂದಳು.

ಮಗಾ ಎಂದು ಕರೆಸಿಕೊಂಡು ಎಷ್ಟು ಕಾಲವಾಗಿತ್ತೋ! ನಿಜ ಹೇಳಿಬಿಡಬೇಕೆಂದು ಫೋನಪ್ಪ, "ಅಜ್ಜೀ, ನಾನು..." ಎಂದು ಶುರುಮಾಡಿದ.

"ನಾಚಿಕೋಬೇಡ. ಕೆಂಪು ಗಂಡಸರಿಗೂ ಒಪ್ಪುತ್ತೆ," ಎಂದಳು ಅಜ್ಜಿ.

ನಾಲ್ಕೂ ಕುರ್ಚಿ ತುಂಬಿದವು. ಚಹಾ ಆಯಿತು. ಎಲ್ಲರೂ ಅವನನ್ನೇ ಕೇಳುವವರು: ಅಲ್ಲಿ ಹಿಮ ಬೀಳುತ್ತಾ? ರಾತ್ರಿ ಊಟಕ್ಕೆ ಕೋಟು ಹಾಕಲೇಬೇಕಾ? ಫೋನಪ್ಪ ಪದರಗಳ ಪಾಠ ಒಪ್ಪಿಸಿದ, ಜಾರದ ಬೂಟಿನ ಮಹಿಮೆ ಹೇಳಿದ, ಒದ್ದೆಯಾದ ಹತ್ತಿ ಬಟ್ಟೆ ಮೈಯ ಶಾಖವನ್ನೆಲ್ಲ ಹೀರುತ್ತದೆ ಎಂದು ವಿವರಿಸಿದ. ಫೋನಿನಲ್ಲಾದರೆ ಜನ "ಸರಿ" ಎಂದು ಇಟ್ಟುಬಿಡುತ್ತಿದ್ದರು. ಇಲ್ಲಿ ಬಾಯಿ ತೆರೆದು ಕೇಳಿದರು. ಫೋನಪ್ಪನಿಗೆ ಸುಳ್ಳೆಂಬುದೇ ಮರೆತುಹೋಯಿತು.

ನೆನಪಾದದ್ದು ಸೂಟ್‌ಕೇಸು ಮುಚ್ಚದಿದ್ದಾಗ. ಕೊಟ್ಟವರೆಲ್ಲ ತಾವು ಕೊಟ್ಟದ್ದು ಒಳಗೆ ಹೋಯಿತೇ ಎಂದು ಕಣ್ಣಿಟ್ಟು ಕಾಯುತ್ತಿದ್ದರು. ಕಂಪೌಂಡರು ಅದರ ಮೇಲೆ ಕೂತರು, ಮೇಷ್ಟ್ರು ನಿಂತೇಬಿಟ್ಟರು. ಅದು ಮಾತ್ರ ಹಟಮಾರಿ ಮೊಸಳೆಯಂತೆ ಬಾಯಿ ತೆರೆದೇ ಇತ್ತು.

"ಹಿಡಿಸದ್ದನ್ನ ಮೈಮೇಲೇ ಹಾಕ್ಕೊಳ್ಳಿ," ಎಂದು ಟೇಲರಕ್ಕ ತೀರ್ಪು ಕೊಟ್ಟಳು. "ಪದರ ಪದರವಾಗಿ ಅಂತ ನೀವೇ ಹೇಳಿದ್ರಲ್ಲ!"

ಹೀಗೆ ಸುಡು ಮಧ್ಯಾಹ್ನದಲ್ಲಿ ಫೋನಪ್ಪ ಎರಡು ಸ್ವೆಟರು, ಓವರ್‌ಕೋಟು, ಮಫ್ಲರು, ಕೈಗವಸು, ಕೆಂಪು ಟೋಪಿಗಳಲ್ಲಿ ಬೀದಿಗಿಳಿದ. ಸದ್ದಿಲ್ಲದೆ ಜಾರಿಕೊಳ್ಳೋಣವೆಂದರೆ ಎಲ್ಲರೂ ಚಪ್ಪಲಿ ಮೆಟ್ಟಿ ಬೀಳ್ಕೊಡಲು ಸಿದ್ಧರಾಗಿ ನಿಂತಿದ್ದರು. ಹೊರಡುವಾಗ ಟೇಲರಕ್ಕ, "ಬೀಗದ ಕೈ ಕೊಟ್ಟಿರಿ, ಕಿಟಕಿ ತೆಗೆದು ಗಾಳಿ ಆಡಿಸ್ತೀನಿ" ಎಂದು ಕೈಯೊಡ್ಡಿದಳು. ಕೊಟ್ಟ. ಅವನ ಬಳಿ ಇನ್ನೊಂದಿತ್ತು.

ಬಂದರಿನಲ್ಲಿ ಕಂಪನಿಯ ಗುರುತಿನ ಚೀಟಿ ತೋರಿಸಿ ಪ್ರಯಾಣಿಕರ ಗೇಟು ದಾಟಿದ. ಅಜ್ಜಿ ಅವನ ಕೈಗವಸನ್ನೇ ಹಿಡಿದು, "ಜೋಪಾನ ಮಗಾ" ಎಂದು ಅತ್ತಿದ್ದಳು. ಒಳಗೆ ಹೋದವನು ಸಾಮಾನಿನ ರಾಶಿಯ ಹಿಂದೆ ಅಡಗಿ ನಿಂತ. ಅವನ ಲೆಕ್ಕಾಚಾರ ಸರಳ: ಹಡಗು ಹೊರಟ ಮೇಲೆ ಹಿಂದಿನ ಮೆಟ್ಟಿಲಿನಿಂದ ಮನೆ ಸೇರುವುದು, ದೀಪ ಹಾಕದೆ ಉಸಿರೆತ್ತದೆ ಒಂದು ವಾರ ಕಳೆಯುವುದು. ಟೇಲರಕ್ಕ ಬಂದಾಗ ಅಡಗಿಕೊಂಡರಾಯಿತು. ಒಬ್ಬನೇ ಇರುವುದು ಅವನಿಗೇನು ಹೊಸದೇ?

ಹಡಗು ಕೂಗಿತು. ಡೆಕ್ಕಿನ ಮೇಲೆ ಕೆಂಪು ಟೋಪಿ ಹಾಕಿದ ಯಾವನೋ ಒಬ್ಬ ಯಾರಿಗೋ ಕೈಬೀಸುತ್ತಿದ್ದ.

"ಅಲ್ನೋಡಿ! ನಮ್ಮ ಫೋನಪ್ಪ!" ಎಂದು ಮೇಷ್ಟ್ರು ಗರ್ಜಿಸಿದರು. ನಾಲ್ವರೂ ಬೇಲಿಗೆ ಒತ್ತಿಕೊಂಡು ಕೈಬೀಸಿದರು, ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಾಮಾನಿನ ಸಂದಿಯಿಂದ ಫೋನಪ್ಪ ಇದನ್ನೆಲ್ಲ ನೋಡಿದ. ತನಗೆ ಸಲ್ಲಬೇಕಾದ ಅಷ್ಟೂ ಪ್ರೀತಿ ಆ ಅಪರಿಚಿತನ ಪಾಲಾಗಿ ಕಡಲಿಗೆ ಹೋಗುತ್ತಿತ್ತು. ಅವನಿಗೆ ಹೊಟ್ಟೆಕಿಚ್ಚಾಯಿತು. ಯಾರಿಗೂ ಕಾಣದಂತೆ ತಾನೂ ಒಂದು ಸಲ ಅವರತ್ತ ಕೈಬೀಸಿದ.

ಅವರು ಅಜ್ಜಿಯ ಮೊಣಕಾಲಿನ ವೇಗದಲ್ಲಿ ಬರುವಷ್ಟರಲ್ಲಿ ಆಟೋ ಹಿಡಿದು ಮನೆ ಸೇರಿದ. ಬಾಗಿಲು ಹಾಕಿ ಓವರ್‌ಕೋಟಿನ ಗುಂಡಿ ಹುಡುಕುತ್ತಿದ್ದಾಗಲೇ ಹೊರಗೆ ಹೆಜ್ಜೆ ಸಪ್ಪಳ, ಬೀಗದಲ್ಲಿ ಕೈ ತಿರುಗುವ ಸದ್ದು. ಫೋನಪ್ಪ ಸೂಟ್‌ಕೇಸನ್ನು ಮಂಚದ ಕೆಳಗೆ ನೂಕಿ, ಅದರ ಹಿಂದೆ ತಾನೂ ತೂರಿದ.

ದೀಪ ಹತ್ತಿತು. ಒಂದು ಜೊತೆಯಲ್ಲ, ನಾಲ್ಕು ಜೊತೆ ಕಾಲು ಒಳಗೆ ಬಂದವು.

"ಸ್ವಲ್ಪ ಕೂತು ಹೋಗೋಣ. ಮೂರನೇ ಮಹಡಿ ಈಗ ನನ್ನಿಂದಾಗಲ್ಲ," ಎಂದಳು ಅಜ್ಜಿ.

"ಎಷ್ಟು ಪ್ರಶಾಂತವಾಗಿದೆ ನೋಡಿ!" ಎಂದರು ಕಂಪೌಂಡರು. "ನಮ್ಮನೇಲಿ ಮಕ್ಕಳ ಗಲಾಟೆ, ಮೇಷ್ಟ್ರ ಮನೇಲಿ ಮೇಷ್ಟ್ರದೇ ಗಲಾಟೆ."

ಎಲ್ಲರೂ ನಕ್ಕರು. ಮೇಷ್ಟ್ರು ಜೇಬಿನಿಂದ ಇಸ್ಪೀಟು ತೆಗೆದರು, ಟೇಲರಕ್ಕ ಚಹಾಕ್ಕೆ ಇಟ್ಟಳು. ಆಟ ಶುರುವಾಯಿತು, ಜಗಳ ಶುರುವಾಯಿತು, ನಗು ಶುರುವಾಯಿತು. ಫೋನಪ್ಪನ ಮೂಗಿಗೆ ಉಣ್ಣೆ ತುರಿಸಿ ಸೀನು ಬರುವಂತಾಗಿ ಮಫ್ಲರನ್ನು ಕಚ್ಚಿ ಹಿಡಿದ. ಬೆವರು ಬೆನ್ನ ಮೇಲೆ ಹೊಳೆಯಾಗಿತ್ತು. ಆದರೂ ತನ್ನ ಮನೆಯಲ್ಲಿ ಜನ ನಗುವುದನ್ನು ಕೇಳುತ್ತ ಮಲಗಿರುವುದು ಅವನಿಗೆ ಸುಖವೆನ್ನಿಸಿತು.

"ಒಳ್ಳೇ ಮನುಷ್ಯ ಕಣ್ರೀ," ಎಂದರು ಮೇಷ್ಟ್ರು, ಎಲೆ ಇಳಿಸುತ್ತ. "ಇಷ್ಟು ದಿನ ಯಾಕೆ ಮಾತಾಡಿಸ್ಲಿಲ್ವೋ."

"ಯಾವಾಗ್ಲೂ ಬಾಗಿಲು ಹಾಕ್ಕೊಂಡಿರ್ತಿದ್ರು. ನಮ್ಮ ಸಹವಾಸ ಬೇಡವೇನೋ ಅಂದ್ಕೊಂಡಿದ್ದೆ," ಎಂದಳು ಟೇಲರಕ್ಕ.

ಯಾರೂ ಬರುವುದಿಲ್ಲವೆಂದೇ ಅವನು ಬಾಗಿಲು ಹಾಕಿಕೊಳ್ಳುತ್ತಿದ್ದದ್ದು. ಮರ್ಯಾದೆ ಹೋದರೆ ಹೋಗಲಿ, ಈಗಲೇ ಹೊರಗೆ ಬಂದು ಕಾಲಿಗೆ ಬಿದ್ದಾದರೂ ಐದನೆಯವನಾಗಿ ಆಟಕ್ಕೆ ಸೇರಬೇಕೆಂದು ಫೋನಪ್ಪ ನಿಶ್ಚಯಿಸಿದ. ಸೂಟ್‌ಕೇಸನ್ನು ಮೆಲ್ಲನೆ ಸರಿಸಲು ಕೈಹಾಕಿದ.

"ವಾರ ಪೂರ್ತಿ ಇಲ್ಲೇ ಸೇರೋಣ," ಎಂದರು ಕಂಪೌಂಡರು. "ಆದ್ರೆ ಅವರು ವಾಪಸ್ ಬಂದ್ಮೇಲೆ ಏನ್ಮಾಡೋದು?"

"ಅದಕ್ಕೇನು, ಮತ್ತೆ ಕಳಿಸಿದರಾಯ್ತು!" ಮೇಷ್ಟ್ರು ಮೇಜು ಕುಟ್ಟಿದರು. "ಹಡಗು ಅಂದ್ರೆ ಅವರಿಗೆ ಪ್ರಾಣ. ಬೆಳಿಗ್ಗೆ ನೋಡಿದ್ರಲ್ಲ, ಮುಖ ಎಷ್ಟು ಅರಳಿತ್ತು! ನಾವೆಲ್ಲ ಸೇರಿ ಟಿಕೆಟ್ ತೆಗೆಸಿಕೊಡೋಣ. ಈ ಸಲ ದೊಡ್ಡ ಪ್ರಯಾಣ, ಆರು ತಿಂಗಳದ್ದು."

ಎಲ್ಲರೂ ಚಪ್ಪಾಳೆ ತಟ್ಟಿದರು. ಮಂಚದ ಕೆಳಗೆ ಫೋನಪ್ಪನ ಕೈ ಸೂಟ್‌ಕೇಸಿನ ಮೇಲೆ ಹಾಗೆಯೇ ನಿಂತಿತು. ಅವನಿಗಾಗಿ ಯಾರಾದರೂ ಏನಾದರೂ ಮಾಡಹೊರಟದ್ದು ಜೀವಮಾನದಲ್ಲಿ ಇದೇ ಮೊದಲು.

"ಆದ್ರೂ ಪಾಪ," ಎಂದಳು ಅಜ್ಜಿ, "ಅಷ್ಟು ದಿನ ನೀರಿನ ಮೇಲೆ, ಒಬ್ಬನೇ ಹೇಗಿರ್ತಾನೋ."

"ಅಯ್ಯೋ, ಚಿಂತೆ ಬಿಡಿ ಅಜ್ಜಿ," ಎಂದಳು ಟೇಲರಕ್ಕ, ಹೊಸ ಆಟಕ್ಕೆ ಎಲೆ ಹಂಚುತ್ತ. "ಅವರಿಗೆ ಒಬ್ರೇ ಇರೋದೇ ಇಷ್ಟ."