ಅಳಿಯಂದ್ರಿಗೆ ನೊಣ ಬೇಕಂತೆ!

"ಇನ್ನು ಮುಂದೆ ಈ ಮನೆಗೆ ಅಂಗಡಿ ಮೀನು ಕಾಲಿಡಕೂಡದು!" ಎಂದು ಒಂದು ಸಂಜೆ ಕಾಫಿ ಲೋಟವನ್ನು ಟಣ್ಣನೆ ಕೆಳಗಿಟ್ಟು ಘೋಷಿಸಿದೆ.

ಅವರೆಕಾಯಿ ಸುಲಿಯುತ್ತಿದ್ದ ನನ್ನ ಹೆಂಡತಿ ಲತಾಮಣಿ ತಲೆ ಎತ್ತಲಿಲ್ಲ. "ಮೀನಿಗೆ ಕಾಲೆಲ್ಲಿದೆ ರೀ?"

"ನಾನೇ ಹಿಡೀತೀನಿ ಕಣೇ. ಫ್ಲೈ ಫಿಶಿಂಗ್!"

ಅರಸೀಕೆರೆಯ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಫೈಲು ಹಿಡಿದ ಕೈಗೆ ಫ್ಲೈ ಹಿಡಿಯುವುದೇನು ಕಷ್ಟ? ಅಕ್ಷರ ಒಂಚೂರು ಅತ್ತಿತ್ತ ಸರಿದರಾಯಿತು! ಮೊಬೈಲಿನಲ್ಲಿ ಹದಿನೇಳು ವಿಡಿಯೊ ನೋಡಿ ಆಗಲೇ ಅರ್ಧ ಪಂಡಿತನಾಗಿದ್ದೆ. ಹಕ್ಕಿಯ ಪುಕ್ಕ, ಬಣ್ಣದ ದಾರ ಸುತ್ತಿ ನೊಣದ ಹಾಗೆ ಮಾಡಿದ ಗಾಳ ಅದು. ನೀರಿನ ಮೇಲೆ ಕೂತಾಗ ಮೀನು ನಿಜವಾದ ನೊಣವೆಂದು ಭ್ರಮಿಸಿ ಬಾಯಿ ಹಾಕುತ್ತದೆ. ಎರೆಹುಳವಿಲ್ಲ, ಕೆಸರಿಲ್ಲ, ಎಲ್ಲ ಠೀವಿಯ ಕೆಲಸ.

ಸಾಮಾನು ಆರಿಸಲು ಇಬ್ಬರೂ ಮೊಬೈಲಿನ ಮುಂದೆ ಕೂತೆವು.

"ಕಲಿಯೋರಿಗೆ ಒಂಬತ್ತು ಅಡಿ ಕೋಲು, ಐದನೇ ನಂಬರು ಸಾಕಂತೆ," ಎಂದೆ.

"ಐದು ಕೆಜಿ ಮೀನು ಬರತ್ತಾ?"

"ಅದು ದಾರದ ತೂಕದ ನಂಬರು ಕಣೇ. ಈ ವಿದ್ಯೆಯಲ್ಲಿ ಗಾಳಕ್ಕೆ ತೂಕವೇ ಇಲ್ಲ. ತೂಕ ಎಲ್ಲ ದಾರದ್ದು. ದಾರ ಬೀಸಿದರೆ ಗಾಳ ತಾನೇ ಹಾರಿ ಹೋಗತ್ತೆ."

"ನಿಮ್ಮ ಥರಾನೇ ಬಿಡಿ. ಮಾತಿಗೆ ತೂಕ ಇಲ್ಲ, ಎಲ್ಲ ಹೊಟ್ಟೆಗೆ!"

ನೊಣಗಳ ಪುಟ ತೆರೆದೊಡನೆ ಅವಳಿಗೂ ಹುರುಪು ಬಂತು. ಅಲ್ಲಿ ತೇಲುವ ಒಣ ನೊಣ, ಮುಳುಗುವ ಹಸಿ ನೊಣ ಎಂದು ಎರಡು ಬಗೆ. "ಮೆಣಸಿನಕಾಯಿ ಇದ್ದಂಗೆ!" ಎಂದಳು. ಕಲಿಯುವವರು ಕಂದು ಬಣ್ಣದ ಸಣ್ಣ ನೊಣ ಕೊಳ್ಳಬೇಕೆಂದು ವಿಡಿಯೊದಲ್ಲಿ ಹೇಳಿದ್ದರು. ಅವಳು ಮೂಗು ಮುರಿದಳು. "ಈ ಮಂಕು ಬಣ್ಣಕ್ಕೆ ಯಾವ ಮೀನು ಬರತ್ತೆ? ಇದು ನೋಡಿ, ನವಿಲು ಬಣ್ಣ, ಜರಿ ಬೇರೆ! ನನ್ನ ರೇಷ್ಮೆ ಸೀರೆಗೆ ಬ್ಲೌಸ್ ಹೊಲಿಸಿದಂಗಿದೆ." ಸೀರೆ ಅಂಗಡಿಯಲ್ಲಿ ತೋರಿದ ವಿವೇಕವನ್ನೇ ಇಲ್ಲೂ ತೋರಿ ನಾನು ಒಪ್ಪಿಬಿಟ್ಟೆ. ಬಂದದ್ದು ನೊಣವಲ್ಲ, ಹೆಬ್ಬೆರಳು ಗಾತ್ರದ ಮದುಮಗಳು!

ಇಷ್ಟಕ್ಕೇ ನಿಂತಿದ್ದರೆ ನಾನು ಬಚಾವಾಗುತ್ತಿದ್ದೆ. ಆದರೆ ಆ ಭಾನುವಾರ ಹಗರೆಯ ನನ್ನ ಮಾವನ ಮನೆಗೆ ಬೀಗರಾಗುವವರು ಬರುವುದಿತ್ತು. ಹಳೇಬೀಡಿನ ಗಂಗಯ್ಯನವರ ಮಗಳನ್ನು ಭಾವಮೈದ ಇಂದ್ರೇಶನಿಗೆ ಕೇಳಿದ್ದರು. ಊಟ ಆದ ಮೇಲೆ ಮಾತು ಪಕ್ಕಾ ಆಗಬೇಕು. ಲತಾಮಣಿ ಅಮ್ಮನ ಜೊತೆ ಮಾತಾಡುತ್ತಿದ್ದ ಫೋನನ್ನು ನಾನು ಕಿತ್ತುಕೊಂಡು, "ಅತ್ತೆ, ಕೋಳಿ ಕೊಯ್ಯಬೇಡಿ. ಹನ್ನೆರಡು ಜನಕ್ಕೂ ನಾನು ಹಿಡಿದ ಮೀನಿನದೇ ಸಾರು!" ಎಂದುಬಿಟ್ಟೆ.

"ಹೆಂಗೆ ಹಿಡೀತಾರವ್ವಾ?" ಎಂದು ಅತ್ತೆ ಮುನಿಯಮ್ಮ ಮಗಳನ್ನು ಕೇಳಿದರು.

"ನೊಣ ಹಾಕಿ ಕಣಮ್ಮಾ," ಎಂದಳು ಲತಾಮಣಿ.

ಭಾನುವಾರ ಬೆಳಿಗ್ಗೆ ಹದಿನಾಲ್ಕು ಜೇಬಿನ ಕೋಟು ತೊಟ್ಟು ಲತಾಮಣಿಯೊಡನೆ ಬಸ್ಸು ಹತ್ತಿದೆ. ನಾಲ್ಕು ತುಂಡಾಗಿ ಬಿಚ್ಚಬಹುದಾದ ಕೋಲನ್ನು, ಜನ ನೋಡಲೆಂದು ಮನೆಯಲ್ಲೇ ಜೋಡಿಸಿದ್ದೆ. "ಯಜಮಾನ್ರೇ, ಇದಕ್ಕೆ ಹಾಫ್ ಟಿಕೆಟ್ಟಾ, ಫುಲ್ಲಾ?" ಎಂದ ಕಂಡಕ್ಟರು. ಬಸ್ಸಿಗೆ ಬಸ್ಸೇ ನಕ್ಕಿತು. ಮಹತ್ಕಾರ್ಯಕ್ಕೆ ಹೊರಟವನು ಇದನ್ನೆಲ್ಲ ಗಮನಿಸಬಾರದು.

ಕೆರೆ ಮಾವನ ಮನೆಯ ಹಿಂದೆಯೇ ಇದೆ. ಮಾವ ಗಿಡ್ಡಯ್ಯನವರು ರುಮಾಲು ಸುತ್ತಿಕೊಂಡು ನನ್ನ ಹಿಂದೆ ಗೌರವದಿಂದ ನಿಂತರು. ಅತ್ತೆ ಸೆರಗಿನ ಮರೆಯಿಂದ ಉಪ್ಪಿನಕಾಯಿ ಬಾಟಲಿ ತೆಗೆದರು. ಒಳಗೆ ಗುಂಯ್ ಎನ್ನುವ ಸದ್ದು!

"ಅಳಿಯಂದ್ರಿಗೆ ನೊಣ ಬೇಕಂತೆ ಅಂದ್ಲು ಲತಾ. ಬೆಳಗ್ಗಿಂದ ಕೊಟ್ಟಿಗೇಲಿ ಹಿಡ್ದು ಮಡಗಿವ್ನಿ. ಎಲ್ಲಾ ಕೊಬ್ಬಿರೋ ನೊಣ!"

"ಅತ್ತೆ, ಇದು ಆ ನೊಣ ಅಲ್ಲ..."

"ಸಾಲ್ದಾ? ಪಕ್ಕದ್ಮನೆ ಕೊಟ್ಟಿಗೇಲೂ ಐತೆ, ತತ್ತೀನಿ!"

ಅಳಿಯನಿಗೆ ಇಲ್ಲವೆನ್ನುವ ಪದ್ಧತಿ ಆ ಮನೆಯಲ್ಲಿಲ್ಲ. ನಾನು ಬೇಡವೆನ್ನುವಷ್ಟರಲ್ಲಿ ಮುಚ್ಚಳ ತೆರೆದೇ ಹೋಯಿತು. ನೂರಾರು ನೊಣ ನೇರ ನನ್ನ ಮುಖಕ್ಕೆ! ಕಣ್ಣು ಮುಚ್ಚಿ ಕೋಲು ಬೀಸಿದೆ. ದಾರ ಹಿಂದಕ್ಕೆ ಹಾರಿತು, ಮುಂದಕ್ಕೆ ಬಂತು, ಮಾವನ ರುಮಾಲನ್ನು ಎತ್ತಿಕೊಂಡೇ ಬಂತು! ಬಿಳಿ ರುಮಾಲು ಆಕಾಶದಲ್ಲಿ ಕೊಕ್ಕರೆಯಂತೆ ತೇಲಿ ಕೆರೆಯ ನಡುವೆ ಇಳಿಯಿತು.

ಮಾವ ತಲೆ ಸವರಿಕೊಂಡರು. "ಪರ್ವಾಗಿಲ್ಲ ಬುಡಿ ಅಳಿಯಂದ್ರೇ. ಹೆಂಗೂ ಒಗೀಬೇಕಾಗಿತ್ತು."

ಆಮೇಲೆ ಎರಡು ಗಂಟೆ ಬೀಸಿದೆ. ಜೊಂಡು ಹಿಡಿದೆ, ಹೊಂಗೆ ಕೊಂಬೆ ಹಿಡಿದೆ, ನನ್ನದೇ ಆರನೇ ಜೇಬು ಹಿಡಿದೆ. ನನ್ನ ನವಿಲು ಬಣ್ಣದ ಮದುಮಗಳನ್ನು ಕಂಡ ಮೀನುಗಳು ಹೆದರಿ ಆಚೆ ದಡಕ್ಕೆ ಗುಳೆ ಹೋಗಿರಬೇಕು. ಹನ್ನೊಂದೂವರೆಯಾಯಿತು. ಅತ್ತೆ ಮಸಾಲೆ ರುಬ್ಬಿಟ್ಟು ಬಾಗಿಲಲ್ಲಿ ನಿಂತು ಎರಡು ಸಲ ನೋಡಿ ಒಳಗೆ ಹೋದರು. ಬಾಯಿಬಿಟ್ಟು ಬೈದಿದ್ದರೆ ವಾಸಿಯಿತ್ತು!

ಲತಾಮಣಿ ಬಂದು ಮೆಲ್ಲಗೆ, "ಮೊದಲನೇ ಸಲ ಬರೋರಿಗೆ ಬರೀ ಮಸಾಲೆ ನೀರು ಬಡಿಸಬೇಕಾ ರೀ? ನನ್ನ ತಮ್ಮನ ಸಂಬಂಧ ನೀರಿಗೆ ಹಾಕ್ತೀರಾ?" ಎಂದಳು. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

ಅಷ್ಟರಲ್ಲಿ ಇಂದ್ರೇಶ ಬೈಕು ನಿಲ್ಲಿಸಿ ಬಂದ. "ಭಾವ, ಒಂದ್ ಲೋಟ ಟೀ ಕುಡ್ದು ಬನ್ನಿ. ಕೋಲು ನಾನ್ ನೋಡ್ಕೊಂಡಿರ್ತೀನಿ."

ಟೀ ಕುಡಿದು ಬರುವಷ್ಟರಲ್ಲಿ ಗಂಗಯ್ಯನವರೂ ದಡಕ್ಕೆ ಬಂದು ನಿಂತಿದ್ದರು. ಕೋಲು ಎತ್ತಿದೆ. ಭಾರ! ಎಳೆದೆ. ಎರಡು ಕೆಜಿಯ ಕಾಟ್ಲಾ! ಒದ್ದಾಟವಿಲ್ಲ, ಒಂದು ಮಿಸುಕಾಟವೂ ಇಲ್ಲ. ಎಂಥ ಗಂಭೀರ ಮೀನು!

"ನೋಡಿದ್ರಾ ಗಂಗಯ್ಯನೋರೇ! ದಾರದ ತೂಕ ತಿಳಿದವನ ಮುಂದೆ ಮೀನು ಹೋರಾಡೋದೇ ಇಲ್ಲ. ಶರಣಾಗತಿ!" ಎಂದು ಅದನ್ನು ಎತ್ತಿ ಹಿಡಿದೆ.

ಮಾವ ಆಕಾಶ ನೋಡಿದರು. ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡರು. ಗಂಗಯ್ಯನವರು ಹತ್ತಿರ ಬಂದು ಮೀನನ್ನು ಅತ್ತಿತ್ತ ತಿರುಗಿಸಿದರು.

"ಬಲು ಮರ್ಯಾದಸ್ಥ ಮೀನು ಕಣ್ರೀ. ಪೊರೆ ತೆಗಿಸ್ಕೊಂಡು, ಹೊಟ್ಟೆ ಕ್ಲೀನ್ ಮಾಡಿಸ್ಕೊಂಡೇ ಬಂದೈತಲ್ಲ!"

ನಾನು ಬಗ್ಗಿ ನೋಡಿದೆ. ಹೊಟ್ಟೆ ಗಲ್ಲದಿಂದ ಬಾಲದವರೆಗೆ ನೀಟಾಗಿ ಸೀಳಿತ್ತು. ಇಂದ್ರೇಶ ಕಾಲಿನ ಹೆಬ್ಬೆರಳಲ್ಲಿ ಮಣ್ಣು ಕೆದಕುತ್ತಾ, "ಅಂಗ್ಡಿಯವ್ನು ಎಲ್ಲಾನೂ ಕ್ಲೀನ್ ಮಾಡೇ ಮಡಗಿದ್ದ ಭಾವ. ಬಾಕಿ ಆರು ಒಲೆ ಮೇಲವೆ," ಎಂದ.

ಸಂಬಂಧ ಮುರಿಯಿತೆಂದು ನಾನು ಕಣ್ಣು ಮುಚ್ಚಿದೆ.

ಗಂಗಯ್ಯನವರು ಇಂದ್ರೇಶನ ಬೆನ್ನು ತಟ್ಟಿದರು. "ಭಾವನ ಮಾನ ಕಾಯಕ್ಕೆ ಇಷ್ಟು ಒದ್ದಾಡೋ ಹುಡ್ಗ ನನ್ ಮಗಳ್ನ ಕೈ ಬುಡಲ್ಲ. ಒಪ್ಪಿಗೆ ಕಣ್ ಗಿಡ್ಡಯ್ನೋರೇ!" ಎಂದು, ನನ್ನ ಕಡೆ ತಿರುಗಿ ಕೈ ಮುಗಿದರು. "ಆದ್ರೆ ಒಂದೇ ಷರತ್ತು. ಬೀಗರೂಟದ್ ಮೀನು ಮಾತ್ರ ಈ ಅಳಿಯಂದ್ರು ಹಿಡಿಯೋದು ಬ್ಯಾಡ. ಅಷ್ಟೊತ್ತಿಗೆ ನಮ್ ಹುಡ್ಗಿಗೆ ತಲೆ ನರೆತೋಯ್ತದೆ!"