ಒದೆಯೋದು ಕಲಿಸಿದ ಮೇಷ್ಟ್ರು

ಮುಂದೆ ಬರೆದಿರೋದರಲ್ಲಿ ಒಂದಕ್ಷರ ಸುಳ್ಳಿದ್ದರೂ ನಾಳೆಯಿಂದ ನನ್ನ ಕಾಲು ಮಂಡಿಗಿಂತ ಮೇಲೆ ಏಳದೇ ಹೋಗಲಿ. ಈಗಲೂ ಏಳೋದಿಲ್ಲ, ಅದು ಬೇರೆ ವಿಷಯ, ವಯಸ್ಸಿನ ಮಹಿಮೆ. ಆದರೆ ಎಂಬತ್ತರ ದಶಕದಲ್ಲಿ ಚನ್ನಗಿರಿಯಿಂದ ನ್ಯಾಮತಿವರೆಗೆ ಟೇಕ್ವಾಂಡೋ ಅಂದರೆ ನಾನು, ನಾನು ಅಂದರೆ ಟೇಕ್ವಾಂಡೋ. ಆ ಕಡೆ ಇನ್ಯಾರಿಗೂ ಅದು ಬರುತ್ತಿರಲಿಲ್ಲ ಅನ್ನೋದೂ ಇದಕ್ಕೊಂದು ಸಣ್ಣ ಕಾರಣ. ಬೇರೆ ಡ್ರಿಲ್ ಮೇಷ್ಟ್ರುಗಳಿಗೆ ಇಡೀ ಸರ್ವೀಸಿನಲ್ಲಿ ಒಂದೋ ಎರಡೋ ನಗೋ ಸಂಗತಿ ನಡೆದಿರುತ್ತವೆ. ನನ್ನನ್ನು ಮಾತ್ರ ಅವು ಬಸ್ಸು ಹತ್ತಿ ಹುಡುಕಿಕೊಂಡು ಬರುತ್ತಿದ್ದವು.

ಬಿಳಿ ಬಟ್ಟೆ

ಬೇಸಿಗೆ ರಜೆಯಲ್ಲಿ ನನ್ನನ್ನು ಬೆಂಗಳೂರಿಗೆ ಕಳಿಸಿದ್ದು ವಾಲಿಬಾಲ್ ಶಿಬಿರಕ್ಕೆ. ಹೋಗಿ ನೋಡಿದರೆ ಅದು ತುಂಬಿತ್ತು. ಪಕ್ಕದ ಹಾಲಿನಲ್ಲಿ ಜಾಗ ಇತ್ತು, ಅಲ್ಲಿ ಒಬ್ಬರಿಗೊಬ್ಬರು ಒದೆಯುತ್ತಿದ್ದರು. ಬಂದ ದಾರಿಗೆ ಸುಂಕವಿಲ್ಲದೆ ವಾಪಸು ಹೋಗೋದು ಯಾಕೆ ಅಂತ ನಾನೂ ಸೇರಿಕೊಂಡೆ. ಅಲ್ಲಿನ ಗುರುಗಳು ನನ್ನ ಮೊದಲ ಒದೆ ನೋಡಿ ಕಣ್ಣು ಮುಚ್ಚಿಕೊಂಡರು. ಮೆಚ್ಚುಗೆಯಿಂದ ಅಂತ ನಾನು ತಿಳಿದೆ, ಈಗಲೂ ಹಾಗೇ ತಿಳಿದಿದ್ದೇನೆ.

ಕೊನೆಗೆ ಒಂದು ಬಿಳಿ ಅಂಗಿ, ಬಿಳಿ ಪೈಜಾಮ, ಸೊಂಟಕ್ಕೊಂದು ಪಟ್ಟಿ ಕೊಟ್ಟರು. ಊರು ನೋಡಲಿ ಅಂತ ಅದೇ ವೇಷದಲ್ಲಿ ಚನ್ನಗಿರಿ ಬಸ್‌ಸ್ಟ್ಯಾಂಡಿನಲ್ಲಿ ಎದೆ ಸೆಟೆದು ಇಳಿದೆ. ಪರಿಚಯದ ಕಂಡಕ್ಟರು ಓಡಿ ಬಂದು ನನ್ನ ರಟ್ಟೆ ಹಿಡಿದುಕೊಂಡ.

"ಯಾಕ್ರೀ ಮೇಷ್ಟ್ರೇ, ಆಪರೇಷನ್ನಾ? ಡಿಸ್ಚಾರ್ಜ್ ಮಾಡೋಕೆ ಮುಂಚೆನೇ ಎದ್ದು ಬಂದ್ಬಿಟ್ರಾ?"

ಇದು ಕೊರಿಯಾ ದೇಶದ ವಿದ್ಯೆ, ಕಾಲಿನಲ್ಲಿ ಹೊಡೆಯೋದು ಅಂತ ಅವನಿಗೂ ಹೇಳಿದೆ, ಮನೆಗೆ ಹೋಗಿ ಅವ್ವನಿಗೂ ಹೇಳಿದೆ. ಅವ್ವ ಹಾಲು ಕರೆಯುತ್ತಿದ್ದಳು. ತಲೆಯೆತ್ತದೆ ಅಂದಳು:

"ಒದೆಯೋದು ಕಲಿಯಾಕೆ ಬೆಂಗಳೂರಿಗೆ ಯಾಕೋ ಹೋದೆ? ಈ ಎಮ್ಮೆ ಹತ್ರ ಕೂತಿದ್ರೆ ಇದೇ ಕಲಿಸ್ತಿತ್ತು. ಹಾಲೂ ಸಿಗ್ತಿತ್ತು."

ಮೂರು ಗೋಡೆ, ಒಂದು ಬಾಗಿಲು

ನಮ್ಮ ಹೈಸ್ಕೂಲಿನಲ್ಲಿ ಒಂದು ದೊಡ್ಡ ಹಾಲ್ ಇತ್ತು. ನಾನು ಚನ್ನಗಿರಿ ಮಕ್ಕಳಿಗೆ ಸಂಜೆ ಅಲ್ಲೇ ಕಲಿಸುತ್ತಿದ್ದೆ. ಶನಿವಾರ ಹೊನ್ನಾಳಿಗೆ, ಭಾನುವಾರ ನ್ಯಾಮತಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಟೂರ್ನಮೆಂಟ್ ಹತ್ತಿರ ಬಂದಾಗ ಮೂರೂ ಊರಿನ ಮಕ್ಕಳು ಸೇರೋದಕ್ಕೆ ಆ ಹಾಲ್ ಬಿಟ್ಟರೆ ಗತಿ ಇರಲಿಲ್ಲ. ಬಯಲಿನಲ್ಲಿ ಮಾಡೋಣ ಅಂದರೆ ಊರಿನ ಬಯಲಲ್ಲೆಲ್ಲ ಯಾರಾದರೂ ಅಡಿಕೆ ಒಣಗಿಸಿರುತ್ತಿದ್ದರು. ಒಂದು ಸಲ ಅದರ ಮೇಲೆ ಜಾರಿ ನಾನೇ ಮಕ್ಕಳಿಗೆ ಹೊಸದೊಂದು ಒದೆ ತೋರಿಸಿದ್ದೆ.

ಹೆಡ್‌ಮಾಸ್ಟರು ಶಿಸ್ತಿನ ಮನುಷ್ಯ. ಮೊದಲ ದಿನವೇ ಬಂದು ಹೇಳಿದರು: "ಪೂರ್ವದ ಗೋಡೆ ಮೇಲೆ ಸರಸ್ವತಿ ಫೋಟೊ ಐತೆ, ಆ ಕಡೆ ಕಾಲೆತ್ತಬೇಡಿ."

ತಿರುಗಿಸಿ ನಿಲ್ಲಿಸಿದೆ.

"ಆ ಕಡೆ ರಾಷ್ಟ್ರನಾಯಕರಿದ್ದಾರೆ ಕಣ್ರೀ!"

ಇನ್ನೊಂದು ಕಡೆ ತಿರುಗಿಸಿದೆ. ಅಲ್ಲಿ ಶಾಲೆಗೆ ಜಾಗ ಕೊಟ್ಟ ದಾನಿಗಳು ರುಮಾಲು ಸುತ್ತಿಕೊಂಡು ಗುರಾಯಿಸುತ್ತಿದ್ದರು. ಕೊನೆಗೆ ಉಳಿದದ್ದು ಬಾಗಿಲ ಕಡೆ ಒಂದೇ. ಹೀಗಾಗಿ ನಮ್ಮ ಇಡೀ ಟೀಮು ಬಾಗಿಲಿಗೆ ಮುಖ ಮಾಡಿಯೇ ಒದೆಯೋದು ಕಲಿಯಿತು. ಒಂದು ಸಂಜೆ ಹೊನ್ನಾಳಿಯ ಹುಡುಗನೊಬ್ಬ ಓಡಿ ಹೋಗಿ ಗಾಳಿಯಲ್ಲಿ ಹಾರಿ ಕಾಲು ಚಾಚಿದ. ಅದೇ ಹೊತ್ತಿಗೆ ಬಾಗಿಲು ತೆರೆಯಿತು. ಹೆಡ್‌ಮಾಸ್ಟರ ಕನ್ನಡಕ ಹೊರಗಿನ ನಲ್ಲಿಯ ಹತ್ತಿರ ಸಿಕ್ಕಿತು.

ಅವರು ಕೂಗಾಡಲಿಲ್ಲ. ಕನ್ನಡಕ ಒರೆಸಿ ಹಾಕಿಕೊಂಡು ಮೆಲ್ಲಗೆ ಹೇಳಿದರು: "ಮೇಷ್ಟ್ರೇ, ಈ ಸಲ ದಾವಣಗೆರೆ ಟೂರ್ನಮೆಂಟಿನಿಂದ ಕಪ್ ತಂದ್ರೆ ಹಾಲ್ ನಿಮ್ದು. ತರ್ಲಿಲ್ಲ ಅಂದ್ರೆ ಬೀಗದಕೈ ನನ್ನ ಟೇಬಲ್ ಮೇಲೆ ಇಟ್ಟು ಹುಡುಗ್ರಿಗೆ ಲೇಜಿಮ್ ಕಲಿಸಿ. ಲೇಜಿಮ್ಮಿನಲ್ಲಿ ಸದ್ದು ಜಾಸ್ತಿ, ಆದ್ರೆ ಅದು ಮುಖಕ್ಕೆ ಬರಲ್ಲ."

ಮಕ್ಕಳ ಮುಖ ಬಾಡಿತು. ನಾನು ಮಾತ್ರ ಧೈರ್ಯವಾಗಿ, "ಕಪ್ ಇಡಾಕೆ ಜಾಗ ಮಾಡ್ಕೊಳ್ರಿ ಸಾರ್" ಅಂದುಬಿಟ್ಟೆ. ಆಮೇಲೆ ಸ್ಟಾಫ್ ರೂಮಿಗೆ ಹೋಗಿ ಒಂದು ಚೊಂಬು ನೀರು ಕುಡಿದೆ.

ಅಡ್ವಾನ್ಸ್ ಕ್ಷಮೆ

ಆ ಹೊನ್ನಾಳಿ ಹುಡುಗನ ಕಾಲಿನಲ್ಲಿ ಮಿಂಚಿತ್ತು. ಮನೆಯವರು ಕಲಿಸಿದ ಸಂಸ್ಕಾರವೂ ಇತ್ತು. ಎರಡೂ ಒಂದೇ ಮೈಯಲ್ಲಿ ಇದ್ದದ್ದೇ ತಾಪತ್ರಯ. ನಮ್ಮಲ್ಲಿ ಯಾರಿಗಾದರೂ ಕಾಲು ತಾಗಿದರೆ ಅವರನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತೇವಲ್ಲ, ಅವನೂ ಹಾಗೇ ಮಾಡುತ್ತಿದ್ದ, ಪ್ರತಿ ಒದೆಗೂ! ಎದುರಾಳಿಯ ಪಕ್ಕೆಗೆ ಫಟ್ಟನೆ ಒಂದು ಬಿಡೋದು, ತಕ್ಷಣ ಬಗ್ಗಿ ಅವನನ್ನು ಮುಟ್ಟಿ ಎರಡೂ ಕಣ್ಣಿಗೆ ಒತ್ತಿಕೊಳ್ಳೋದು. ಅಷ್ಟರಲ್ಲಿ ಎದುರಿನವನು ಇವನ ಬೆನ್ನಿಗೆ ಎರಡು ಬಿಟ್ಟಿರುತ್ತಿದ್ದ.

"ಲೇ, ಅದು ಸ್ಪರ್ಧೆ ಕಣೋ! ಕ್ಷಮೆ ಕೇಳಬೇಡ!"

"ಕೇಳಬಾರ್ದು ಅಂತಾನೇ ಅನ್ಕೊಂಡಿರ್ತೀನಿ ಸಾರ್. ಕೈ ತಾನಾಗೇ ಹೋಗ್ತೈತೆ."

ಬೈದೆ, ಕೈ ಕಟ್ಟಿ ಒದೆಸಿದೆ, ಏನೂ ನಡೆಯಲಿಲ್ಲ. ಕೊನೆಗೆ ನನ್ನಂಥ ಮೇಧಾವಿಗೆ ಮಾತ್ರ ಹೊಳೆಯುವ ಉಪಾಯ ಹೊಳೆಯಿತು. "ನೋಡು, ಆಟ ಶುರುವಾಗೋಕೆ ಮುಂಚೆನೇ ಹೋಗಿ ಎಲ್ಲ ಒದೆಗೂ ಸೇರಿಸಿ ಒಟ್ಟಿಗೆ ಕ್ಷಮೆ ಕೇಳ್ಕೊಂಡು ಬಂದ್ಬಿಡು. ಆಮೇಲೆ ನಿನಗೆ ಪಾಪ ಇಲ್ಲ."

ಹುಡುಗನಿಗೆ ಸರಿ ಅನಿಸಿತು. ಮುಂದಿನ ಪಂದ್ಯ ಹೊನ್ನಾಳಿಯಲ್ಲೇ, ಎದುರಾಳಿ ದಾವಣಗೆರೆಯಿಂದ ಬಂದಿದ್ದ, ಇವನಿಗಿಂತ ಒಂದು ಗೇಣು ಎತ್ತರದ ಹುಡುಗ. ನಮ್ಮವನು ನೆಟ್ಟಗೆ ಅವನ ಹತ್ತಿರ ಹೋಗಿ ಭುಜ ಮುಟ್ಟಿ ಕಣ್ಣಿಗೊತ್ತಿಕೊಂಡ, ಹೊಟ್ಟೆ ಮುಟ್ಟಿ ಒತ್ತಿಕೊಂಡ, ಎರಡೂ ಪಕ್ಕೆ ಮುಟ್ಟಿ ಒತ್ತಿಕೊಂಡ, ಕೊನೆಗೆ ತುದಿಗಾಲಲ್ಲಿ ನಿಂತು ದವಡೆ ಮುಟ್ಟಿ ಒತ್ತಿಕೊಂಡ.

"ಯಾಕೋ ಇದೆಲ್ಲ?" ಅಂದ ಅವನು.

"ಈಗ ಒದೆಯೋನಿದೀನಲ್ಲ ಅಣ್ಣಾ, ಅಲ್ಲಲ್ಲಿಗೆಲ್ಲ ಈಗ್ಲೇ ಕ್ಷಮೆ."

ಆ ಎತ್ತರದ ಹುಡುಗ ತನ್ನ ದವಡೆ ಸವರಿಕೊಂಡ. ಆಮೇಲೆ ತನ್ನ ಮೇಷ್ಟ್ರ ಕಡೆ ತಿರುಗಿ, "ಸಾರ್, ನಂಗೆ ಬೆಳಿಗ್ಗೆಯಿಂದ ಹೊಟ್ಟೆ ಸರಿ ಇಲ್ಲ" ಅಂದ. ಒಂದೂ ಒದೆಯದೆ ಗೆದ್ದ ಮೊದಲ ಟೇಕ್ವಾಂಡೋ ಪಟು ನನ್ನ ಶಿಷ್ಯ.

ಮರ್ಯಾದೆಯ ಹಲಗೆ

ಆಗೆಲ್ಲ ಈ ಆಟದಲ್ಲಿ ಹಲಗೆ ಒಡೆಯೋದಕ್ಕೆ ಭಾರಿ ಬೆಲೆ. ನ್ಯಾಮತಿಯಲ್ಲಿ ಕ್ಲಾಸಿಗೆ ಮಕ್ಕಳು ಸೇರಲಿ ಅಂತ ಒಂದು ಪ್ರದರ್ಶನ ಇಟ್ಟೆ. ಒಡೆಯೋದಕ್ಕೆ ಪ್ಯಾಕಿಂಗ್ ಪೆಟ್ಟಿಗೆಯ ತೆಳು ಹಲಗೆ ಸಾಕು. ಅದನ್ನು ತರಿಸೋ ಕೆಲಸ ಅಲ್ಲಿನ ಸಾಮಿಲ್ ಯಜಮಾನರಿಗೆ ಹೇಳಿದ್ದೆ. ಒಳ್ಳೆ ಮನುಷ್ಯ, ಮೇಷ್ಟ್ರುಗಳು ಅಂದರೆ ಬಹಳ ಗೌರವ.

ಊರೆಲ್ಲ ಸೇರಿತ್ತು. ನಾನು "ಹ್ಯಾ" ಅಂತ ಕೂಗಿದ್ದಕ್ಕೆ ಮುಂದಿನ ಸಾಲಿನಲ್ಲಿ ಒಂದು ಕೂಸು ಅಳಲು ಶುರು ಮಾಡಿತು. ಹಾರಿ ಒದ್ದೆ. ಹಲಗೆ ಹಿಡಿದುಕೊಂಡಿದ್ದ ಇಬ್ಬರು ಹಿಂದಕ್ಕೆ ಬಿದ್ದರು. ಹಲಗೆ ಬೀಳಲಿಲ್ಲ, ಬಾಗಲಿಲ್ಲ. ನಾನು ಮತ್ತೊಮ್ಮೆ "ಹ್ಯಾ" ಅಂದೆ, ಈ ಸಲ ಅದು ವಿದ್ಯೆಯಿಂದ ಬಂದದ್ದಲ್ಲ.

ಯಜಮಾನರು ಹೆಮ್ಮೆಯಿಂದ ಎದ್ದು ನಿಂತು ಸಭೆಗೆ ಹೇಳಿದರು: "ನಮ್ಮ ಮೇಷ್ಟ್ರಿಗೆ ಪೆಟ್ಟಿಗೆ ಹಲಗೆ ಕೊಡೋದೇನ್ರೀ? ಒಳ್ಳೇ ಹಳೇ ಹೊನ್ನೆ ಮರ, ನಾನೇ ಆರಿಸಿ ಕೊಯ್ಸಿದೀನಿ!"

ಮುಂದಿನ ವರ್ಷ ಟೂರ್ನಮೆಂಟಿನಿಂದ ಹಲಗೆ ಒಡೆಯೋದನ್ನೇ ತೆಗೆದುಹಾಕಿದರು. ನನ್ನ ಹಿಮ್ಮಡಿ ವಿಷಯ ಮೇಲಿನವರ ಕಿವಿಗೆ ಬಿದ್ದಿರಬೇಕು. ಆ ಹಲಗೆ ನಮ್ಮ ಮನೆಯಲ್ಲಿ ಈಗಲೂ ಐತೆ. ನನ್ನ ಹೆಂಡತಿ ಅದರ ಮೇಲೆ ರೊಟ್ಟಿ ತಟ್ಟುತ್ತಾಳೆ, ತಟ್ಟುವಾಗೆಲ್ಲ ನನ್ನ ಕಾಲು ನೋಡಿ ನಗುತ್ತಾಳೆ.

ದಾವಣಗೆರೆಯ ಕಪ್

ಈ ಆಟದ ರೂಲ್ಸು ನಾವು ಕಲಿಯೋ ಹೊತ್ತಿಗೆ ಬದಲಾಗಿರುತ್ತಿತ್ತು. ಹೆಡ್‌ಮಾಸ್ಟರು ಗಡುವು ಕೊಟ್ಟ ಆ ಸಲ ಹೊಸ ರೂಲು ಬಂತು: ಎಲ್ಲರೂ ಎದೆಗೆ ಚೆಸ್ಟ್ ಗಾರ್ಡ್ ಕಟ್ಟಿಕೊಳ್ಳಲೇಬೇಕು. ಆಡೋ ಇಬ್ಬರಲ್ಲಿ ಒಬ್ಬರದು ಕೆಂಪು, ಒಬ್ಬರದು ನೀಲಿ. ಯಾರಿಗೆ ಯಾವ ಬಣ್ಣ ಅನ್ನೋದು ಚೀಟಿ ಎತ್ತಿ ತೀರ್ಮಾನ.

ಅಂಥದ್ದೊಂದನ್ನು ಚನ್ನಗಿರಿಯಲ್ಲಿ ಯಾರೂ ಕಂಡಿರಲಿಲ್ಲ. ನಾನು ಹೆದರುವವನೇ? ನಮ್ಮ ಕಡೆ ಏನಿಲ್ಲದಿದ್ದರೂ ಅಡಿಕೆ ಹಾಳೆಗೆ ಬರವಿಲ್ಲ. ಊಟದ ತಟ್ಟೆ ಮಾಡ್ತಾರಲ್ಲ, ಅದೇ ಹಾಳೆ. ನೆನೆಸಿ, ಒಂದರ ಮೇಲೊಂದು ಪೇರಿಸಿ, ಗೋಣಿತಟ್ಟಿನೊಳಗೆ ಇಟ್ಟು ದಬ್ಬಣದಲ್ಲಿ ಹೊಲಿದೆವು. ಬೋರ್ಡ್ ಬರೆಯೋನು ಒಂದಕ್ಕೆ ಕೆಂಪು, ಒಂದಕ್ಕೆ ನೀಲಿ ಬಳಿದುಕೊಟ್ಟ. ಗಟ್ಟಿ ಅಂದರೆ ಗಟ್ಟಿ. ದಾವಣಗೆರೆಗೆ ಹೋಗೋ ಹೊತ್ತಿಗೆ ಒಳಗಿನ ಹಾಳೆ ಚೆನ್ನಾಗಿ ಒಣಗಿತ್ತು. ಒಣಗಿದ್ದೇ ತಪ್ಪಾಯಿತು.

ಆಗ ಪಾಯಿಂಟು ಎಣಿಸೋಕೆ ಯಂತ್ರ ಇರಲಿಲ್ಲ. ಮೂಲೆಗೊಬ್ಬರು ತೀರ್ಪುಗಾರರು ಕೂತಿರುತ್ತಿದ್ದರು. ಏಟು ಎದೆಗೆ ಬಿದ್ದ ಸದ್ದು ಜೋರಾಗಿ ಕೇಳಿದರೆ ಪಾಯಿಂಟು, ಅಷ್ಟೆ. ಹೊನ್ನಾಳಿ ಹುಡುಗ ಮೊದಲ ಪಂದ್ಯಕ್ಕೆ ಇಳಿದ. ಎದುರಾಳಿಯ ಕಾಲಿನ ಹೆಬ್ಬೆರಳು ಅವನ ಎದೆಗೆ ಹಿಂಗೆ ಸೋಕಿತು ನೋಡಿ.

ಫಟಾರ್!

ದೀಪಾವಳಿ ಪಟಾಕಿ ಹಾರಿದ ಹಾಗೆ! ನಾಲ್ಕೂ ಮೂಲೆಯಲ್ಲಿ ಬಾವುಟ ಮೇಲೆದ್ದವು. ಒದ್ದ ಹುಡುಗನೇ ಹೆದರಿ ತನ್ನ ಕಾಲು ನೋಡಿಕೊಂಡ. ಹೀಗೆ ಸೋಕಿಸಿಕೊಂಡೇ ನಮ್ಮ ಮಕ್ಕಳು ಒಬ್ಬೊಬ್ಬರಾಗಿ ಸೋತರು. ಕೊನೆಯವನ ಪಂದ್ಯದಲ್ಲಿ ಕೆಂಪಿನದು ಸೀಳಿ ಎರಡು ಹೋಳಾಯಿತು.

ಉಳಿದವಳು ನ್ಯಾಮತಿಯ ಹುಡುಗಿ ಒಬ್ಬಳೇ. ಗಾಳಿಪಟದ ಕಡ್ಡಿಯಂಥ ಮೈ. ಸಂತೆ ದಿನದ ಬಸ್ಸಿನಲ್ಲಿ ನುಗ್ಗಿ ನುಸುಳಿ ಅಭ್ಯಾಸ, ಯಾರ ಕಾಲಿಗೂ ಸಿಗುತ್ತಿರಲಿಲ್ಲ. ಮುಟ್ಟಿಸಿಕೊಂಡರೆ ತಾನೇ ಸದ್ದು? ಹಾಗೆ ತಪ್ಪಿಸಿಕೊಂಡೇ ಫೈನಲ್ಲಿಗೆ ಬಂದಳು.

ಫೈನಲ್ಲಿನಲ್ಲಿ ಎದುರಾದವಳು ಜಗಳೂರಿನ ಹುಡುಗಿ, ಕುರಿ ಸಾಕೋ ಮನೆಯವಳು. ಅವಳ ಒಂದೊಂದು ಒದೆಗೂ ಎದುರಿನವರು ಕಂಬಳಿ ಮಡಚಿದ ಹಾಗೆ ಮಡಚಿಕೊಳ್ಳುತ್ತಿದ್ದರು. ಅವಳ ಮೇಷ್ಟ್ರು ಬೊಂಬಾಯಿಯಿಂದ ಅಸಲಿ ಚೆಸ್ಟ್ ಗಾರ್ಡ್ ಜೋಡಿ ತರಿಸಿದ್ದರು, ಒಳಗೆ ಮೆತ್ತನೆ ಸ್ಪಂಜು. ನೀಲಿಯದನ್ನು ಪಾಪ, ಜಗಳೂರಿನಲ್ಲೇ ಬಿಟ್ಟು ಬಂದಿದ್ದರು. ಬೆಳಿಗ್ಗೆಯಿಂದ ಚೀಟಿಯಲ್ಲಿ ಅವರಿಗೆ ಕೆಂಪೇ ಬಂದದ್ದರಿಂದ ಗೊತ್ತಾಗಿರಲಿಲ್ಲ. ಫೈನಲ್ಲಿಗೆ ನೀಲಿ ಬಂತು.

ಆ ಮೇಷ್ಟ್ರು ಚೀಲವೆಲ್ಲ ಸುರುವಿ ಹುಡುಕಿದರು. "ನೀಲಿ ಇಲ್ಲ ಅಂದ್ರೆ ಆಡಂಗಿಲ್ಲ" ಅಂದ ರೆಫರಿ. ನಾನು ಬೆಂಚಿನಲ್ಲಿ ಕೂತಲ್ಲಿಂದಲೇ ಉದಾರವಾಗಿ ಹೇಳಿದೆ: "ಅಯ್ಯೋ, ನಮ್ಮ ನೀಲಿದು ಹಾಕ್ಕೊಳ್ಲಿ ಬಿಡ್ರಿ, ನಮ್ಮ ಮಗಳಂಗೇ ಅಲ್ವಾ."

ಅವರಿಗೆ ಕಣ್ಣು ತುಂಬಿ ಬಂತು. "ದೊಡ್ಡ ಮನಸ್ಸು ಮೇಷ್ಟ್ರೇ ನಿಮ್ದು. ನಿಮ್ಮ ಕೆಂಪಿಂದು ಹರಿದೈತಲ್ಲ, ನಿಮ್ಮ ಹುಡುಗಿಗೆ ನಮ್ಮ ಕೆಂಪಿಂದು ಕೊಡ್ತೀನಿ ತಗೊಳ್ರಿ."

ಪಂದ್ಯ ಶುರುವಾಯಿತು. ಜಗಳೂರಿನವಳು ಮೊದಲ ಏಟಿಗೇ ನಮ್ಮವಳನ್ನು ಗೆರೆ ತನಕ ತಳ್ಳಿದಳು. ಸ್ಪಂಜು "ಪುಸ್" ಅಂದಿತು. ಬಾವುಟ ಏಳಲಿಲ್ಲ. ನಮ್ಮವಳು ಎದ್ದು ಬಂದು, ಬಾಗಿಲು ತಟ್ಟಿದ ಹಾಗೆ ಮೆಲ್ಲಗೆ ಕಾಲು ತಾಗಿಸಿದಳು.

ಫಟಾರ್!

"ಸಾರ್, ಸರಿಯಾಗಿ ಮುಟ್ಟೇ ಇಲ್ಲ ಸಾರ್!" ಅಂತ ಜಗಳೂರಿನವಳು ಕೂಗಿದಳು.

"ಮುಟ್ಟದೆ ಹಂಗೆ ಸದ್ದು ಬರ್ತೈತೇನೇ? ಸುಮ್ನೆ ಆಡು!" ಅಂದರು ಅವಳ ಮೇಷ್ಟ್ರೇ.

ಪುಸ್, ಪುಸ್, ಫಟಾರ್. ಪುಸ್, ಫಟಾರ್. ಆದರೂ ಆ ಹುಡುಗಿ ಸಾಮಾನ್ಯಳಲ್ಲ, ಸ್ಪಂಜಿನಿಂದಲೂ ಸದ್ದು ಹೊರಡಿಸಿ ಸಮ ಮಾಡಿಬಿಟ್ಟಳು. ಇನ್ನೇನು ಗಂಟೆ ಬಾರಿಸಬೇಕು. ನನಗೆ ಕಣ್ಣ ಮುಂದೆ ಬೀಗದಕೈ ಕಾಣುತ್ತಿತ್ತು, ಕಿವಿಯಲ್ಲಿ ಲೇಜಿಮ್ ಕೇಳುತ್ತಿತ್ತು. ಜಗಳೂರಿನವಳು ಕೊನೆಯ ಒದೆ ಬೀಸಿದಳು, ನಮ್ಮವಳು ಬಸ್ಸಿನಲ್ಲಿ ನುಸುಳಿದ ಹಾಗೆ ನುಸುಳಿದಳು, ಒದೆ ಗಾಳಿಗೆ ಹೋಯಿತು. ಸಿಟ್ಟು ತಡೆಯಲಾರದೆ ಆ ಹುಡುಗಿ "ಥತ್!" ಅಂತ ತನ್ನ ಎದೆಯನ್ನು ತಾನೇ ಗುದ್ದಿಕೊಂಡಳು.

ಫಟಾರ್!

ನಾಲ್ಕೂ ಬಾವುಟ ನಮ್ಮ ಕಡೆಗೆ!

ರೆಫರಿ ನಮ್ಮವಳ ಕೈ ಎತ್ತಿದ. ಜಗಳೂರಿನ ಮೇಷ್ಟ್ರು ನೆಟ್ಟಗೆ ನನ್ನ ಹತ್ತಿರ ಬಂದರು. ಈಗ ನನಗೇ ಒದೆ ಅಂದುಕೊಂಡೆ. ಅವರು ಕೈ ಜೋಡಿಸಿದರು. "ಮೇಷ್ಟ್ರೇ, ಅಸಲಿ ಮಾಲು ಅಂದ್ರೆ ನಿಮ್ದು. ಅಷ್ಟು ಜೋರು ಒದೆ ಬಿದ್ರೂ ಒಂಚೂರೂ ನೋವಿಲ್ಲ ಅಂತಾಳೆ ನಮ್ ಹುಡುಗಿ. ಬೊಂಬಾಯಿದು ಸುಡ್ಲಿ, ನಮ್ ಟೀಮಿಗೆಲ್ಲ ನಿಮ್ ಹಾಳೇದೇ ಮಾಡಿಸಿಕೊಡ್ರಿ."

ಚನ್ನಗಿರಿಗೆ ಬಂದು ಕಪ್ಪನ್ನು ಹೆಡ್‌ಮಾಸ್ಟರ ಮುಂದಿಟ್ಟೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಹಾಲಿನ ಬೀಗದಕೈಯನ್ನು ನನ್ನ ಕಡೆ ಸರಿಸಿದರು. ಹೊರಗೆ ಕಾಯುತ್ತಿದ್ದ ಮಕ್ಕಳ ಕೂಗಿಗೆ ಹೆಂಚಿನ ಮೇಲಿನ ಪಾರಿವಾಳಗಳೆಲ್ಲ ಎದ್ದು ಹಾರಿದವು.

ಇದಿಷ್ಟೂ ನಡೆದದ್ದು ನಡೆದ ಹಾಗೆ. ಒಂದೇ ಒಂದು ಸಣ್ಣ ವಿಷಯ ಮಾತ್ರ ನಾನು ಕೈಯಿಂದ ಹಾಕಿದ್ದು. ಜಗಳೂರಿನವರು ನೀಲಿಯದನ್ನು ಊರಲ್ಲೇ ಬಿಟ್ಟು ಬಂದಿದ್ದರು ಅಂದೆನಲ್ಲ, ಬಿಟ್ಟು ಬಂದಿರಲಿಲ್ಲ. ತಂದಿದ್ದರು. ನಾನು ಅದರ ಮೇಲೆ ಕೂತಿದ್ದೆ.