ಬಿಸ್ಫೆನಾಲ್ ವಿರುದ್ಧ ನನ್ನ ದಂಡಯಾತ್ರೆ

ನನ್ನ ಹೆಂಡತಿಗೆ ವಿಜ್ಞಾನದ ಗಂಧಗಾಳಿ ಇಲ್ಲ ಎಂಬ ಕೊರಗು ಮದುವೆಯಾದಾಗಿನಿಂದಲೂ ನನಗಿತ್ತು. ಹಾಗಾಗಿ ಒಂದು ಭಾನುವಾರ ಪತ್ರಿಕೆಯಲ್ಲಿ ಬಿಸ್ಫೆನಾಲ್ ಎಂಬ ರಾಕ್ಷಸನ ಬಗ್ಗೆ ಓದಿದೊಡನೆ ಅಡುಗೆಮನೆಗೆ ದಂಡೆತ್ತಿ ಹೋದೆ. (ದಾರಿ ಗೊತ್ತಿತ್ತು, ಕಾಫಿ ಕೇಳಲು ಹೋಗಿ ಅಭ್ಯಾಸ.)

“ಕೇಳೇ ಇಲ್ಲಿ! ಪ್ಲಾಸ್ಟಿಕ್ ಡಬ್ಬಿಗೆ ಬಿಸಿ ತಗುಲಿದ್ರೆ ಈ ರಾಸಾಯನಿಕ ಊಟಕ್ಕಿಳಿಯುತ್ತಂತೆ. ಹಾರ್ಮೋನಿನ ವೇಷ ಹಾಕಿ ಮೈಯನ್ನೇ ಏಮಾರಿಸುತ್ತಂತೆ. ಮಗಳು ಬೆಳೆಯೋ ವಯಸ್ಸು!”

“ಅದಕ್ಕೇ ರೀ ನಾನು...”

“ನೀನು ಸುಮ್ನಿರು. ನಾಳೆಯಿಂದ ಡಬ್ಬಿ ತುಂಬೋದು ನನ್ನ ಕೆಲಸ!”

ಅವಳು ಒಲೆಯತ್ತ ತಿರುಗಿದಳು. ಶತ್ರು ಶರಣಾದನೆಂದುಕೊಂಡು ಪ್ಲಾಸ್ಟಿಕ್ ಡಬ್ಬಿಗಳನ್ನೆಲ್ಲ ಗಡೀಪಾರು ಮಾಡಿದೆ. ನನಗೂ ಮಗಳಿಗೂ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ತಂದೆ. ಬೆಳಿಗ್ಗೆ ಹಬೆಯಾಡುವ ಅನ್ನವನ್ನು ಕುಕ್ಕರಿನಿಂದ ನೇರ ತುಂಬಿ, ಅದುಮಿ ಮುಚ್ಚಿದೆ. ಎರಡೇ ನಿಮಿಷ! ಇವಳು ದಿನವೂ ಅನ್ನವನ್ನು ತಟ್ಟೆಗೆ ಹರಡಿಕೊಂಡು ಅಷ್ಟು ಹೊತ್ತು ಅದೇನು ಕಾಲಹರಣ ಮಾಡುತ್ತಿದ್ದಳೋ.

ಮಧ್ಯಾಹ್ನ ಆಫೀಸಿನಲ್ಲಿ ಮುಚ್ಚಳ ಜಪ್ಪಯ್ಯ ಅನ್ನಲಿಲ್ಲ. ಉಗುರು ಹಾಕಿದೆ, ಚಮಚ ಹಾಕಿದೆ. ಗುಮಾಸ್ತರು ಡಬ್ಬಿ ಹಿಡಿದು, ನಾನು ಮುಚ್ಚಳ ಹಿಡಿದು, ಹಗ್ಗವಿಲ್ಲದ ಹಗ್ಗಜಗ್ಗಾಟವೇ ನಡೆಯಿತು. ಕೊನೆಗೆ ಎದುರಿನ ಕ್ಯಾಂಟೀನಿನಿಂದ ಊಟ ತರಿಸಿದೆ. ಬಂತು, ಸುಡುಸುಡುತ್ತ, ಪ್ಲಾಸ್ಟಿಕ್ ಚೀಲದಲ್ಲಿ. ಹಸಿದ ಹೊಟ್ಟೆ ಪತ್ರಿಕೆ ಓದುವುದಿಲ್ಲ. ತಿಂದೆ.

ಸಂಜೆ ಮಗಳು ಬಾಗಿಲಲ್ಲೇ ಶುರುಮಾಡಿದಳು: “ಅಪ್ಪಾ, ನನ್ನ ಡಬ್ಬಿ ತೆಗೆಯೋಕೆ ಡ್ರಿಲ್ ಮೇಷ್ಟ್ರೇ ಬಂದ್ರು. ಅವರ ಕೈಲೂ ಆಗ್ಲಿಲ್ಲ. ಗೆಳತೀರ ಹತ್ರ ಒಂದೊಂದು ತುತ್ತು ತಿಂದೆ. ಎಲ್ಲರದೂ ಪ್ಲಾಸ್ಟಿಕ್ಕೇ!”

ಹೆಂಡತಿ ಎರಡೂ ಡಬ್ಬಿಗಳನ್ನು ಬಿಸಿನೀರಿನಲ್ಲಿ ಕೂರಿಸಿದಳು. ಟಪ್ ಎಂದವು.

“ಬಿಸಿಬಿಸಿ ಮುಚ್ಚಿದ್ರೆ, ಹಬೆ ಆರಿದ ಮೇಲೆ ಮುಚ್ಚಳ ಕಚ್ಕೊಳ್ಳುತ್ತೆ ರೀ.”

“ಮೊದಲೇ ಹೇಳಬಾರದಿತ್ತಾ?”

“ಸುಮ್ನಿರು ಅಂದ್ರಲ್ಲ! ಇಷ್ಟು ವರ್ಷ ಒಂದು ಅಗುಳಾದ್ರೂ ಬಿಸಿಯಾಗಿ ಆ ಪ್ಲಾಸ್ಟಿಕ್‌ಗೆ ಬಿದ್ದಿದ್ಯಾ? ತಟ್ಟೆಗೆ ಯಾಕೆ ಹರಡ್ತಿದ್ದೆ ಅಂದ್ಕೊಂಡ್ರಿ, ಚೆಂದಕ್ಕಾ?”

(ಹೌದು, ಚೆಂದಕ್ಕೇ ಅಂದುಕೊಂಡಿದ್ದೆ.)

“ಸರಿ, ಹಾಗಾದ್ರೆ ನಾಳೆಯಿಂದ ನೀನೇ...”

“ಅಯ್ಯೋ, ನನಗೆಲ್ಲಿ ಬರುತ್ತೆ ಹಾರ್ಮೋನು ಗೀರ್ಮೋನು? ಸ್ಟೀಲೇ ಒಳ್ಳೇದು, ನೀವು ಹೇಳಿದ್ದು ನಿಜ. ಅರ್ಧ ಗಂಟೆ ಬೇಗ ಎದ್ದು ಅನ್ನ ಆರಿಸ್ಕೊಳ್ಳಿ, ಅಷ್ಟೇ.”

ಈಗ ಬೆಳಿಗ್ಗೆ ತಾಯಿ ಮಗಳು ಮುಸುಕೆಳೆದು ಮಲಗಿರುವಾಗ, ನಾನೊಬ್ಬ ತಟ್ಟೆಯ ಮುಂದೆ ನಿಂತು ಅನ್ನಕ್ಕೆ ಗಾಳಿ ಬೀಸುತ್ತೇನೆ. ಬೀಸಣಿಗೆ ಆ ಭಾನುವಾರದ ಪತ್ರಿಕೆಯೇ. ಲೇಖನ ಮೂಗಿನೆದುರೇ ಬಂದು ಬಂದು ಹೋಗುತ್ತದೆ. ನಿದ್ದೆಗಣ್ಣಿಗೆ ಒಂದಕ್ಷರವೂ ಕಾಣುವುದಿಲ್ಲ.